ಟೀವಿಯವರು ದೆವ್ವ ಮಾಡಿದ ಮನುಷ್ಯ

ಕಲ್ಲುಪುಡಿ ಗಿರಣಿಯ ಮಾಲೀಕ ಏಣಿಗೆ ಹನ್ನೊಂದು ವಾರದ ಕೂಲಿ ಇನ್ನೂ ಕೊಟ್ಟಿಲ್ಲ. ಕೇಳಲು ಹೋದರೆ “ಯಾವ ಏಣಿ?” ಅನ್ನುತ್ತಾನೆ. ಆ ಹೆಸರಿನ ಆಳು ತನ್ನ ಗಿರಣಿಯ ಗೇಟು ದಾಟಿ ಒಳಗೆ ಬಂದದ್ದೇ ಇಲ್ಲವಂತೆ. ಕೂಲಿಯ ಮಾತು ಹಾಗಿರಲಿ, ಅದನ್ನು ಹೇಗಾದರೂ ಕಕ್ಕಿಸಬಹುದು. ಏಣಿ ಅಲ್ಲಿ ಆರು ವರ್ಷ ದುಡಿದ, ಅಲ್ಲಿನ ಧೂಳು ಕುಡಿದೇ ಸತ್ತ ಎಂಬುದನ್ನು ಪರಿಹಾರ ಮಂಡಳಿಯ ಮುಂದೆ ಸಾಬೀತು ಮಾಡಬೇಕಲ್ಲ, ಅದು ನಮ್ಮ ಈಗಿನ ತಲೆನೋವು. ಅವನು ಆ ಗಿರಣಿಯಿಂದ ನಡೆದು ಬರುವುದನ್ನು ಲಕ್ಷಾಂತರ ಜನ ಕಣ್ಣಾರೆ ಕಂಡಿದ್ದಾರೆ. ಕಂಡವರಿಗೆಲ್ಲ ಟೀವಿಯವರು ಅದು ದೆವ್ವ ಎಂದು ಹೇಳಿದ್ದಾರೆ.

ಏಣಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗಿರಣಿಗೆ ಸೇರುವ ಮೊದಲು ಅವನು ಗೋಡೆಗೆ ಬಣ್ಣ ಬಳಿಯುವ ತಂಡದಲ್ಲಿದ್ದ. ಆಳು ಉದ್ದ, ಕುತ್ತಿಗೆ ಅದಕ್ಕಿಂತ ಉದ್ದ. ಉಳಿದವರು ಸ್ಟೂಲು ಹುಡುಕುವಷ್ಟರಲ್ಲಿ ಇವನು ತುದಿಗಾಲಲ್ಲಿ ನಿಂತು ಸೂರಿನ ಅಂಚಿನವರೆಗೆ ಬ್ರಷ್ ಎಳೆದು ಮುಗಿಸುತ್ತಿದ್ದ. “ಇವನನ್ನ ಕರ್ಕೊಂಡು ಹೋದ್ರೆ ಏಣಿ ಬಾಡಿಗೆ ಉಳಿಯುತ್ತೆ” ಎಂದು ಮೇಸ್ತ್ರಿ ಒಂದು ದಿನ ಅಂದ, ಹೆಸರು ಅಂಟಿಕೊಂಡಿತು. ಬಾಯಿ ಸುಮ್ಮನಿರದ ಪ್ರಾಣಿ. ಬಣ್ಣ ಬಳಿಯುತ್ತಲೇ ಮನೆಯೊಡತಿಯ ಅಡುಗೆಯಿಂದ ಹಿಡಿದು ಮಂತ್ರಿಯ ಮೀಸೆಯವರೆಗೆ ಎಲ್ಲರನ್ನೂ ಅಣಕಿಸುತ್ತಿದ್ದ. ಹೆಂಡತಿ ಸಿಕ್ಕಿದ್ದೂ ಹಾಗೆಯೇ. ಆಕೆ ಪರದೆ ಹೊಲಿಯುವ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದಳು. ಅಂಗಡಿಗೆ ಬಣ್ಣ ಹೊಡೆಯಲು ಹೋದವನು ಅವಳು ಹೊಲಿದಿಟ್ಟ ಪರದೆಯ ಮೇಲೆ ನೀಲಿ ಬಣ್ಣ ಸಿಡಿಸಿದ. ಅವಳು ಕತ್ತರಿ ಎತ್ತಿಕೊಂಡು ಬಂದಳು. ಆ ಜಗಳ ಮದುವೆಯಲ್ಲಿ ಮುಗಿಯಿತು ಎಂದು ಅವನು ಹೇಳುತ್ತಿದ್ದ. ಮುಗಿದೇ ಇಲ್ಲ ಎಂದು ಅವಳು ಹೇಳುತ್ತಿದ್ದಳು.

ಮಗಳು ಹುಟ್ಟಿದ ಮೇಲೆ ಬಣ್ಣದ ಕೆಲಸ ಸಾಲದಾಯಿತು. ಅರ್ಧ ತಿಂಗಳು ಕೆಲಸ, ಇನ್ನರ್ಧ ತಿಂಗಳು ಮೇಸ್ತ್ರಿಯ ಮನೆಯ ಮುಂದೆ ಕಾಯುವುದು. ಗಿರಣಿಯಲ್ಲಾದರೆ ಪ್ರತಿ ಶನಿವಾರ ಕೈಗೆ ಕಾಸು. ಹೋದ.

ಬೆಣಚುಕಲ್ಲನ್ನು ಒಡೆದು, ಅರೆದು, ಹಿಟ್ಟಿನಷ್ಟು ನುಣ್ಣಗೆ ಮಾಡುವ ಗಿರಣಿ ಅದು. ಆ ಪುಡಿ ಗಾಜಿನ ಕಾರ್ಖಾನೆಗೆ ಹೋಗುತ್ತದೆ, ಟೈಲ್ಸ್ ಮಾಡುವವರಿಗೆ ಹೋಗುತ್ತದೆ, ಪಾತ್ರೆ ತಿಕ್ಕುವ ಪುಡಿ ಮಾಡುವವರಿಗೂ ಹೋಗುತ್ತದೆ. ಏಣಿಯ ಕೆಲಸ ಕೊಳವೆಯ ಬಾಯಿಗೆ ಚೀಲ ಹಿಡಿಯುವುದು. ಚೀಲ ಅರ್ಧ ತುಂಬಿದಾಗ ಎತ್ತಿ ನೆಲಕ್ಕೆ ಕುಕ್ಕಬೇಕು, ಪುಡಿ ಕೆಳಗಿಳಿಯಬೇಕು, ಮತ್ತೆ ತುಂಬಬೇಕು. ಕುಕ್ಕಿದಾಗೆಲ್ಲ ಚೀಲದ ಬಾಯಿಂದ ಬಿಳಿಯ ಹೊಗೆಯಂಥದ್ದು ನೇರ ಮುಖಕ್ಕೆ ಬರುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಮಾಲೀಕ ಏನೂ ಕೊಡಲಿಲ್ಲ. ಹೆಂಡತಿ ಅಂಗಡಿಯಿಂದ ತಂದ ಪರದೆ ಬಟ್ಟೆಯ ತುಂಡುಗಳೇ ಅವರೆಲ್ಲರಿಗೂ ಮುಖವಸ್ತ್ರ. ಹೂವಿನ ಚಿತ್ರ ಇದ್ದದ್ದು ಯಾರಿಗೆ ಬರುತ್ತದೆ ಎಂದು ಗಂಡಸರು ದಿನಾ ಬೆಳಿಗ್ಗೆ ಕಿತ್ತಾಡುತ್ತಿದ್ದರು. ಸಂಜೆಯ ಹೊತ್ತಿಗೆ ಎಲ್ಲ ಹೂವೂ ಬಿಳಿ.

ಗಿರಣಿಯೊಳಗೆ ನಲ್ಲಿ ಇರಲಿಲ್ಲ. ಇದ್ದ ಒಂದನ್ನೂ ಮಾಲೀಕ ಕೀಳಿಸಿದ್ದ. ಪುಡಿಗೆ ತೇವ ತಗುಲಿದರೆ ಗಂಟು ಕಟ್ಟುತ್ತದೆ, ಗಂಟು ಕಟ್ಟಿದ ಚೀಲ ವಾಪಸು ಬರುತ್ತದೆ ಎಂಬುದು ಅವನ ಲೆಕ್ಕ. ಹಾಗಾಗಿ ಪಾಳಿ ಮುಗಿದ ಮೇಲೆ ಮೈ ತೊಳೆಯಲು ದೊಡ್ಡ ರಸ್ತೆಯ ಪಕ್ಕದ ಲಾರಿ ತೊಳೆಯುವ ಶೆಡ್ಡಿಗೇ ಹೋಗಬೇಕು. ಅಲ್ಲಿಯವರೆಗೆ ಕಣ್ಣು ಉಜ್ಜಬಾರದು. ರೆಪ್ಪೆಯ ಮೇಲೆ ಬೆವರಿನ ಜೊತೆ ಮೆತ್ತಿಕೊಂಡಿರುವುದು ಕಲ್ಲು; ಉಜ್ಜಿದರೆ ಕಣ್ಣುಗುಡ್ಡೆ ಗೀರುತ್ತದೆ. ಇದನ್ನು ಅಲ್ಲಿಗೆ ಸೇರಿದ ಪ್ರತಿಯೊಬ್ಬನೂ ಒಂದು ಸಲ ಉಜ್ಜಿ ಕಲಿತಿದ್ದ. ಕುಡಿದು ಉಳಿದ ನೀರಿನಲ್ಲಿ ಒಬ್ಬನ ಕಣ್ಣು ತೊಳೆಯಬಹುದಿತ್ತು. ಆ ಒಬ್ಬ ಏಣಿ, ಯಾಕೆಂದರೆ ಎತ್ತರದವನು, ದೂರದ ಲಾರಿ ಕಾಣುತ್ತದೆ. ಅವನು ಮುಂದೆ. ಅವನ ಹೆಗಲ ಮೇಲೆ ಹಿಂದಿನವನ ಕೈ, ಅವನ ಹೆಗಲ ಮೇಲೆ ಇನ್ನೊಬ್ಬನ ಕೈ. ಕೊನೆಯಲ್ಲಿ ಮೋಟು, ಗಿಡ್ಡ ಆಳು, ಏಣಿಯ ಜೀವದ ಗೆಳೆಯ. ತಲೆಯಿಂದ ಕಾಲಿನವರೆಗೆ ಬಿಳಿ ಮೆತ್ತಿದ, ಕಣ್ಣು ಮುಚ್ಚಿದ, ಮುಖಕ್ಕೆ ಬಟ್ಟೆ ಸುತ್ತಿದ ಒಂಬತ್ತು ಹತ್ತು ಜನ ಒಬ್ಬರ ಹೆಗಲು ಒಬ್ಬರು ಹಿಡಿದು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದರು. ಮಾತಿಲ್ಲ. ಬಾಯಿ ತೆರೆದರೆ ಪುಡಿ ಒಳಗೆ. ಬಾಯಿಬಡುಕ ಏಣಿ ದಿನದಲ್ಲಿ ಸುಮ್ಮನಿರುತ್ತಿದ್ದದ್ದು ಆ ಒಂದು ನಡಿಗೆಯಲ್ಲಿ ಮಾತ್ರ. ಗುಂಡಿ ಬಂದರೆ ಎಡಗೈ ಎತ್ತಿ ನಿಲ್ಲುತ್ತಿದ್ದ, ಸಾಲು ನಿಲ್ಲುತ್ತಿತ್ತು.

ಶೆಡ್ಡಿನವನು ಪೈಪು ಹಿಡಿದುಕೊಂಡು “ಇವತ್ತು ಮೊದಲು ಲಾರಿನೋ, ನೀವೋ?” ಎಂದು ಕೇಳುತ್ತಿದ್ದ. ನೀರು ಮುಖಕ್ಕೆ ಬಿದ್ದ ಕೂಡಲೇ ಏಣಿಯ ಬಾಯಿ ಬಿಚ್ಚುತ್ತಿತ್ತು. “ಲಾರಿಗೆ ಮಾಲೀಕ ಇದಾನೆ, ಕಾಯಲಿ. ನಮಗೆ ಹೆಂಡತಿ ಇದಾಳೆ.”

ಆ ಗಿರಣಿಯಲ್ಲಿ ಮೂವರು ಸತ್ತ ಮೇಲೆ ನಾವು, ಕಾರ್ಮಿಕ ಸಂಘದವರು, ಆ ಕಡೆ ತಲೆ ಹಾಕಿದೆವು. ಮೂವರಿಗೂ ಕ್ಷಯ ಎಂದು ಚೀಟಿಯಲ್ಲಿ ಬರೆದಿತ್ತು. ಮೂವರೂ ಕೊಳವೆಯ ಬಾಯಲ್ಲಿ ನಿಂತವರು, ಮೂವರಿಗೂ ನಲವತ್ತು ತುಂಬಿರಲಿಲ್ಲ. ಕಲ್ಲಿನ ಧೂಳು ಎದೆಯಲ್ಲಿ ಕೂತು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗೆ ಸಿಲಿಕೋಸಿಸ್ ಎನ್ನುತ್ತಾರೆ. ಅದಕ್ಕೆ ಮದ್ದಿಲ್ಲ, ತಡೆಯುವುದು ಮಾತ್ರ ಸಾಧ್ಯ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪತ್ರಿಕಾಗೋಷ್ಠಿ ಕರೆದೆವು. ಆರು ಜನ ಬಂದರು. ಚಹಾ ಕುಡಿದರು, ಬಿಸ್ಕತ್ತಿನ ತಟ್ಟೆ ಖಾಲಿ ಮಾಡಿದರು. ಒಬ್ಬ ಹೋಗುವಾಗ ನಿಂತು, “ಸಾರ್, ಮೂರು ಸಾವು ಬಿಡಿಬಿಡಿಯಾಗಿ ಆಗಿದೆ. ಒಟ್ಟಿಗೆ ಆಗಿದ್ರೆ ಏನಾದ್ರೂ ಮಾಡಬಹುದಿತ್ತು” ಎಂದ. ತಮಾಷೆಗಲ್ಲ, ನಿಜಕ್ಕೂ ಬೇಜಾರಿನಿಂದಲೇ ಅಂದ. ಮರುದಿನ ಒಂದು ಸಾಲೂ ಬರಲಿಲ್ಲ. ಆ ದಿನದ ಪತ್ರಿಕೆಗಳಲ್ಲಿ, ಟೀವಿಯಲ್ಲಿ ತುಂಬಿಕೊಂಡಿದ್ದದ್ದು ಒಬ್ಬ ನಟಿಯ ಕಳೆದುಹೋದ ನಾಯಿ. ನಾಯಿ ಸಂಜೆಗೆ ಸಿಕ್ಕಿತು, ಅದೂ ಬಂತು.

ಆಮೇಲೆ ಆ ವಿಡಿಯೋ.

ಒಬ್ಬ ಲಾರಿ ಚಾಲಕ, ದೂರದ ಊರಿನವನು, ಆ ರಸ್ತೆಯಲ್ಲಿ ಮೊದಲ ಸಲ ಬಂದವನು. ಗಿರಣಿಯ ಎದುರು ಲಾರಿ ನಿಲ್ಲಿಸಿ ಟೈರು ನೋಡುತ್ತಿದ್ದಾಗ ಗೇಟಿನಿಂದ ಈ ಸಾಲು ಹೊರಬಂದಿತು. ಅವನು ಫೋನು ತೆಗೆದು, ಗೇಟಿನಿಂದ ಹಿಡಿದು ಶೆಡ್ಡಿನಲ್ಲಿ ನೀರು ಬೀಳುವವರೆಗೆ ಹಿಂದೆಯೇ ನಡೆದು ವಿಡಿಯೋ ಮಾಡಿದ. ತನ್ನ ಗೆಳೆಯರ ಗುಂಪುಗಳಿಗೆ ಕಳಿಸಿದ. “ಇಲ್ಲಿ ಜನ ಹೆಂಗೆ ಬದುಕ್ತಾರೆ ನೋಡ್ರಪ್ಪ” ಎಂದು ಕೆಳಗೆ ಬರೆದಿದ್ದನಂತೆ. ಅದು ಕೈಯಿಂದ ಕೈಗೆ ಹೋಗಿ ಒಂದು ಚಾನೆಲ್ಲಿನ ಕೈಗೆ ಬಿತ್ತು. ಚಾನೆಲ್ಲಿನವರು ಗೇಟನ್ನು ಕತ್ತರಿಸಿದರು, ಶೆಡ್ಡನ್ನು ಕತ್ತರಿಸಿದರು, ಬರೆದ ಮಾತನ್ನು ಕಿತ್ತರು. ನಡುವಿನ ಇಷ್ಟೇ ಇಷ್ಟು ತುಂಡನ್ನು ಇಟ್ಟುಕೊಂಡರು. ಸಂಜೆಯ ಬಿಸಿಲು ಇನ್ನೂ ಇದ್ದ ಹೊತ್ತು ಅದು. ಕಂಪ್ಯೂಟರಿನಲ್ಲಿ ಅದಕ್ಕೆ ನೀಲಿ ಬಳಿದು ಅಮಾವಾಸ್ಯೆ ಮಾಡಿದರು. ಹಿಂದೆ ನಾಯಿ ಊಳಿಡುವ ಸದ್ದು ಸೇರಿಸಿದರು. ಹೆಸರು: ‘ಬಿಳಿ ನೆರಳುಗಳ ರಸ್ತೆ’.

ಸ್ಟುಡಿಯೋದಲ್ಲಿ ಒಬ್ಬ ತಜ್ಞ ಕೂತಿದ್ದ. ಯಾವುದರ ತಜ್ಞ ಎಂದು ಕೊನೆಗೂ ಹೇಳಲಿಲ್ಲ. “ಒಂದೇ ಅಪಘಾತದಲ್ಲಿ ಸತ್ತ ಆತ್ಮಗಳು ಹೀಗೆ ಹೆಗಲು ಹಿಡಿದುಕೊಂಡು ಹೋಗುತ್ತವೆ” ಎಂದು ವಿವರಿಸಿದ.

ಏಣಿಯ ಬೀದಿಯಲ್ಲಿ ಟೀವಿ ಇದ್ದ ಮನೆಗಳ ಮುಂದೆಲ್ಲ ಚಪ್ಪಲಿ ರಾಶಿ. ಏಣಿಯ ಹೆಂಡತಿ ಹೊಲಿಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಒಂದು ಸಲ ನೋಡಿದಳು, ಅಷ್ಟೇ.

“ರೀ, ಆ ಮುಂದಿರೋ ದೆವ್ವದ ಮೊಣಕಾಲಲ್ಲಿ ನಾನು ಹಾಕಿದ ತೇಪೆ ಇದೆ.”

“ಶ್! ದೆವ್ವಕ್ಕೂ ಹೆಂಡತಿ ಇರಬಾರದೇನೇ? ಅವಳು ಹಾಕಿರ್ತಾಳೆ ಬಿಡು.”

ಬೀದಿಯೇ ನಕ್ಕಿತು. ಆ ರಾತ್ರಿ ಯಾರಿಗೂ ಅದು ನಗುವ ವಿಷಯವಲ್ಲ ಎನಿಸಲಿಲ್ಲ.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಗೇಟಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿದ. “ಆ ವಿಡಿಯೋದಲ್ಲಿ ಇರೋದು ನಾನೇ ಅಂತ ಯಾವನಾದ್ರೂ ಬಾಯಿಬಿಟ್ರೆ, ಇವತ್ತಿಂದ ಅವನು ನಿಜವಾಗ್ಲೂ ದೆವ್ವ. ಹಾಜರಿ ಇಲ್ಲ, ಕೂಲಿ ಇಲ್ಲ.” ಅವನ ಹೆದರಿಕೆ ಬೇರೆ. ಅದು ದೆವ್ವವಲ್ಲ, ಕೆಲಸಗಾರರು ಎಂದು ಗೊತ್ತಾದರೆ ಅಷ್ಟೊಂದು ಧೂಳು ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ, ತಪಾಸಣೆ ಬರುತ್ತದೆ. ಗಿರಣಿಯ ಮಟ್ಟಿಗೆ ದೆವ್ವವೇ ಲಾಭ.

ಎರಡನೆಯ ದಿನ ಚಾನೆಲ್ಲಿನ ವರದಿಗಾರ ಚಹಾದಂಗಡಿಗೆ ಬಂದು ಮೈಕು ಹಿಡಿದ. ಮೋಟು ಏಣಿಯ ಸೊಂಟಕ್ಕೆ ತಿವಿದ. “ಹೋಗೋ, ದಿನಾ ಬಾಯಿ ಬಡ್ಕೋತೀಯಲ್ಲ. ಟೀವಿ ಬಂದಾಗ ಯಾಕೆ ನಾಲಿಗೆ ನುಂಗ್ತೀಯಾ?” ಏಣಿ ಮುಂದೆ ಬಂದ. ತಲೆ ಬಾಚಿ, ಮದುವೆಗಳಿಗೆ ಮಾತ್ರ ಹಾಕುವ ಅಂಗಿ ಹಾಕಿಕೊಂಡೇ ಬಂದಿದ್ದ. ಮಾತಾಡುವ ಮನಸ್ಸು ಬೆಳಿಗ್ಗೆಯಿಂದಲೇ ಇತ್ತು.

“ನೀವು ಕಣ್ಣಾರೆ ನೋಡಿದೀರಾ?”

“ನೋಡ್ದೆ ಇರ್ತೀನಾ? ಇಲ್ಲೇ, ಇಷ್ಟು ಹತ್ತಿರ.”

“ಎಷ್ಟು ಎತ್ತರ ಇತ್ತು?”

“ನನಗಿಂತ ಒಂದು ಗೇಣು ಹೆಚ್ಚು.”

“ನಿಮ್ಮನ್ನ ನೋಡಿ ಏನು ಮಾಡಿತು?”

“ಎಡಗೈ ಎತ್ತಿ ನಿಂತ್ಕೊಳ್ತು ಸಾರ್. ಗುಂಡಿ ಇತ್ತೇನೋ.”

ಹಿಂದೆ ನಿಂತವರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು. ವರದಿಗಾರ ಅದನ್ನು ಭಯವೆಂದು ತಿಳಿದು ಕ್ಯಾಮೆರಾ ಅತ್ತ ಹೊರಳಿಸಿದ. ಕೊನೆಗೆ, “ನೀವೇನು ಕೆಲಸ ಮಾಡ್ತೀರಿ?” ಎಂದು ಕೇಳಿದ. ಸೂಪರ್‌ವೈಸರ್ ರಸ್ತೆಯ ಆಚೆ ನಿಂತು ನೋಡುತ್ತಿದ್ದ.

“ಗೋಡೆಗೆ ಬಣ್ಣ ಬಳಿಯೋನು ಸಾರ್. ಆ ಗಿರಣಿ ಕಡೆ ನಾನು ತಲೆ ಹಾಕೋದೇ ಇಲ್ಲ.”

ತನ್ನ ದೆವ್ವಕ್ಕೆ ತಾನೇ ಸಾಕ್ಷಿ ಹೇಳಿ ಬಂದ. ಸಂಜೆ ಅದು ಟೀವಿಯಲ್ಲಿ ಬಂದಾಗ ಮಗಳು ಚಪ್ಪಾಳೆ ತಟ್ಟಿದಳು. ಹೆಂಡತಿ ಮಾತ್ರ, “ಕೆಲಸ ಮಾಡೋ ಜಾಗನ ಇಲ್ಲ ಅಂದ್ಬಿಟ್ರಲ್ರೀ” ಎಂದಳು. “ಕೆಲಸ ಉಳಿಸ್ಕೊಳ್ಳೋಕೆ ಅಂದಿದ್ದು ಕಣೇ” ಎಂದ ಅವನು.

ಕೆಲಸ ಉಳಿಯಲಿಲ್ಲ. ದೆವ್ವ ನೋಡಲು ಕಾರು, ಬೈಕು, ಹುಡುಗರ ಹಿಂಡು ಬರತೊಡಗಿದವು. ಗೇಟಿನ ಮುಂದೆ ಸೆಲ್ಫಿ. ಜನ ಒಳಗೆ ಇಣುಕಲು ಶುರುಮಾಡಿದ ಮೇಲೆ ಮಾಲೀಕನಿಗೆ ದಿಗಿಲಾಯಿತು. ಒಂದು ಬೆಳಿಗ್ಗೆ ಕೆಲಸಗಾರರು ಹೋಗಿ ನೋಡಿದರೆ ಗೇಟಿಗೆ ಬೀಗ. ಯಂತ್ರಗಳನ್ನು ಲಾರಿಗೆ ಹೇರಿಕೊಂಡು ಹೋಗಿದ್ದ. ಈಗ ಇನ್ನೊಂದು ಊರಿನಲ್ಲಿ ಬೇರೆ ಹೆಸರಿನ ಬೋರ್ಡು ಹಾಕಿಕೊಂಡು ಅದೇ ಪುಡಿ ಅರೆಯುತ್ತಿದ್ದಾನೆ. ‘ದೆವ್ವದ ಕಾಟಕ್ಕೆ ಗಿರಣಿ ಬಂದ್’ ಎಂದು ಚಾನೆಲ್ಲು ಇನ್ನೊಂದು ಸಂಜೆ ತಳ್ಳಿತು. ಬಾಕಿ ಕೂಲಿಯ ಮಾತು ಅದರಲ್ಲಿ ಇರಲಿಲ್ಲ.

ಏಣಿಯ ಕೆಮ್ಮು ಅದಕ್ಕೂ ಮೊದಲೇ ಇತ್ತು. ಈಗ ಮೆಟ್ಟಿಲು ಹತ್ತಲು ಆಗದಾಯಿತು. ಹತ್ತಿರದ ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ನುಂಗಿ ಮೂತ್ರ ಕೆಂಪಾಯಿತೇ ಹೊರತು ಉಸಿರು ಮರಳಲಿಲ್ಲ. ನಾವು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, “ನೀವು ಏನು ಕೆಲಸ ಮಾಡ್ತಿದ್ರಿ?” ಎಂದು ಕೇಳಿದರು. ಈ ಕಾಯಿಲೆಯಲ್ಲಿ ಆ ಪ್ರಶ್ನೆ ಕೇಳಿದ ಮೊದಲ ವೈದ್ಯರು ಅವರೇ. ಇದು ಕಲ್ಲು, ಕ್ಷಯವಲ್ಲ ಎಂದು ಬರೆದುಕೊಟ್ಟರು. ಅದನ್ನು ಹಿಡಿದು ಪರಿಹಾರ ಮಂಡಳಿಗೆ ಅರ್ಜಿ ಹಾಕಿದೆವು. ಏಣಿಗೆ ಆಮ್ಲಜನಕದ ಸಿಲಿಂಡರು, ಮಗಳಿಗೆ ಓದು, ಎರಡೂ ಆ ಅರ್ಜಿಯ ಮೇಲೆ ನಿಂತಿದ್ದವು.

ವಿಚಾರಣೆಯ ಕೋಣೆ ಶಾಲೆಯ ಕೊಠಡಿಯಷ್ಟು ದೊಡ್ಡದು. ಒಂದು ಕಡೆ ಹಳೆಯ ಕಡತಗಳ ಕಪಾಟು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಏಣಿ ಕೂತರೆ ಬೆನ್ನು ಬಾಗಿಸಿ ಎರಡೂ ಕೈಯನ್ನು ಮೊಣಕಾಲಿಗೆ ಊರಬೇಕು, ಆಗ ಮಾತ್ರ ಉಸಿರು. ಗಿರಣಿಯಲ್ಲಿ ಹಾಜರಿ ಬರೆಯುತ್ತಿದ್ದದ್ದು ಸೀಮೆಸುಣ್ಣದಲ್ಲಿ, ಕಪ್ಪು ಹಲಗೆಯ ಮೇಲೆ. ವಾರ ಮುಗಿದರೆ ಒರೆಸುತ್ತಿದ್ದರು. ಹಾಗಾಗಿ ನಮ್ಮ ಕೈಯಲ್ಲಿ ಚೂರು ಕಾಗದವೂ ಇಲ್ಲ. ಮಾಲೀಕನ ವಕೀಲ ಏನೂ ವಾದಿಸಲಿಲ್ಲ. ಲ್ಯಾಪ್‌ಟಾಪು ತೆರೆದು ಮಂಡಳಿಯ ಅಧ್ಯಕ್ಷರ ಕಡೆ ತಿರುಗಿಸಿದ. ತಲೆ ಬಾಚಿಕೊಂಡ, ಒಳ್ಳೆಯ ಅಂಗಿಯ ಏಣಿ: ಗೋಡೆಗೆ ಬಣ್ಣ ಬಳಿಯೋನು ಸಾರ್. ಆ ಗಿರಣಿ ಕಡೆ ನಾನು ತಲೆ ಹಾಕೋದೇ ಇಲ್ಲ.

“ಇದು ನೀವೇ ತಾನೇ?” ಅಧ್ಯಕ್ಷರು ಕೇಳಿದರು.

“ನಾನೇ ಸಾರ್.”

“ಬಣ್ಣ ಬಳಿಯೋನು ಅಂತೀರಿ.”

“ಸುಳ್ಳು ಹೇಳಿದ್ದೆ ಸಾರ್. ಕೆಲಸ ಹೋಗುತ್ತೆ ಅಂತ.”

“ಆವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದೋ?”

“ಆವತ್ತಿಂದು.”

“ಮತ್ತೆ ದೆವ್ವ ನೋಡಿದ್ದು?”

“ಅದು ನಾನೇ ಸಾರ್.”

ಕೋಣೆಯಲ್ಲಿ ನಗು ಎದ್ದಿತು. ಟೈಪ್ ಮಾಡುತ್ತಿದ್ದ ಹೆಂಗಸೂ ನಕ್ಕಳು. ಏಣಿ ಎಲ್ಲರನ್ನೂ ನಗಿಸಿಯೇ ಬದುಕಿದವನು. ಆವತ್ತು ಆ ನಗು ಕೇಳಿ ತಲೆ ಇನ್ನೂ ಕೆಳಗೆ ಬಾಗಿತು. ಮೋಟು, ಉಳಿದವರು ಎದ್ದು ತಾವೂ ಆ ಸಾಲಿನಲ್ಲಿದ್ದೆವು ಎಂದರು. ನೀವೂ ನಾಳೆ ಅರ್ಜಿ ಹಾಕುವವರೇ, ನಿಮ್ಮ ಸಾಕ್ಷಿ ಹೇಗೆ ನಂಬೋದು ಎಂದ ವಕೀಲ. ಆಗ ಅಧ್ಯಕ್ಷರು ಒಂದು ಮಾತು ಹೇಳಿದರು. ಕತ್ತರಿಸದ ಪೂರ್ತಿ ವಿಡಿಯೋ ತನ್ನಿ, ಗೇಟಿನಿಂದ ಹೊರಬರುವುದು, ಆಮೇಲೆ ಮುಖ ಕಾಣುವುದು ಅದರಲ್ಲಿದ್ದರೆ ಒಪ್ಪುತ್ತೇವೆ ಎಂದರು. ನ್ಯಾಯವಾದ ಮಾತೇ.

ಲಾರಿ ಚಾಲಕನನ್ನು ಹುಡುಕಿ ಹಿಡಿದೆವು. ಅಷ್ಟರಲ್ಲಿ ಅವನ ಫೋನು ನೀರಿಗೆ ಬಿದ್ದು ಸತ್ತಿತ್ತು. ಹೇಳಿಕೆ ಬರೆದುಕೊಟ್ಟ, ಪಾಪ. ವಿಡಿಯೋ ಇಲ್ಲ, ಅವನ ಗೆಳೆಯರ ಹತ್ತಿರವೂ ಸಿಗಲಿಲ್ಲ. ಉಳಿದದ್ದು ಚಾನೆಲ್ಲು.

ಏಣಿಯ ಹೆಂಡತಿ ಅಂಗಡಿಗೆ ರಜೆ ಹಾಕಿ ಹೋದಳು. ಜೊತೆಗೆ ನಾನು. ಗಾಜಿನ ಬಾಗಿಲು, ಗಾಜಿನ ಗೋಡೆ, ಗಾಜಿನ ಮೇಜು. “ಅಣ್ಣಾ, ಇದರಲ್ಲಿ ಎಷ್ಟು ಚೀಲ ನಮ್ಮನೆಯವರು ತುಂಬಿದ್ದೋ” ಎಂದು ಅವಳು ಮೇಜು ಸವರಿದಳು. ಕಾರ್ಯಕ್ರಮದ ಮುಖ್ಯಸ್ಥ ಬಂದ. ಕೆಟ್ಟವನಲ್ಲ, ನೀರು ತರಿಸಿಕೊಟ್ಟ. ಪೂರ್ತಿ ವಿಡಿಯೋ ತಮ್ಮಲ್ಲಿ ಉಳಿಸಿಲ್ಲ ಎಂದ.

“ಹಂಗಾದ್ರೆ ಅದು ದೆವ್ವ ಅಲ್ಲ, ಮನುಷ್ಯ ಅಂತ ಒಂದು ಸಲ ಹೇಳಿಬಿಡಿ ಸಾರ್. ದೆವ್ವ ಅಂತ ಅಷ್ಟು ದಿನ ಹೇಳಿದೀರಲ್ಲ.”

“ಅಮ್ಮಾ, ಅದು ಹಳೇ ಸುದ್ದಿ. ಧೂಳು, ಕಾಯಿಲೆ ಅಂದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ನಾನೇನು ಮಾಡ್ಲಿ ಹೇಳಿ?”

“ದೆವ್ವ ಅಂದ್ರೆ ನೋಡ್ತಾರಾ?”

“ನೋಡ್ತಾರೆ.” ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡ. “ಒಂದು ಕೆಲಸ ಮಾಡಬಹುದು. ‘ದೆವ್ವ ಸಿಕ್ಕಿತು!’ ಅಂತ ಮಾಡೋಣ. ನಿಮ್ಮ ಯಜಮಾನರು ಮತ್ತೆ ಹಾಗೇ ಬಿಳಿ ಹಚ್ಕೊಂಡು ನಡೀಬೇಕು. ಆಮೇಲೆ ಒಂದು ನಿಮಿಷ ಅವರು ಏನು ಬೇಕಾದ್ರೂ ಮಾತಾಡಲಿ.”

ಅವಳು ಬೇಡವೆಂದು ಎದ್ದಳು. ಮನೆಗೆ ಬಂದು ಹೇಳಿದಾಗ ಏಣಿಯೇ ಒಪ್ಪಿದ. “ಒಂದು ನಿಮಿಷ ಕೊಡ್ತಾರೆ ಅಂದ್ರೆ ಕಡಿಮೆ ಏನೇ? ನನ್ನ ಉಸಿರೂ ಅಷ್ಟೇ ಬರೋದು.”

ಚಾನೆಲ್ಲಿನವರು ಬಂದ ದಿನ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಹತ್ತಡಿ ಉದ್ದದ ಕೋಣೆ. ಹೊಲಿಗೆ ಮಿಷನನ್ನು ಗೋಡೆಗೆ ಸರಿಸಿದರು. ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಗಳನ್ನು ಏಣಿಯ ತಲೆಯ ಮೇಲೆ ಸುರಿಯತೊಡಗಿದ ಹುಡುಗನ ಕೈ ಹಿಡಿದು ಅವಳು, “ಬಿಡಪ್ಪಾ, ಮೂಗಿಗೆ ಹೋಗದ ಹಾಗೆ ನಾನೇ ಹಚ್ತೀನಿ” ಎಂದಳು. ಒದ್ದೆ ಬಟ್ಟೆಯನ್ನು ಅವನ ಮೂಗಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಣೆಗೆ, ಕಿವಿಗೆ, ಕುತ್ತಿಗೆಗೆ ಹಚ್ಚಿದಳು. ಅವನು ಎದ್ದು ನಿಂತ. ಹಿಂದೆ ಮೋಟು ಹೆಗಲು ಹಿಡಿದ. ಹಿಡಿದದ್ದು ಸಾಲಿಗಾಗಿ ಅಲ್ಲ, ಬೀಳದಿರಲಿ ಎಂದು. ಬಾಗಿಲಿನವರೆಗೆ ನಡೆದರು. ಎರಡನೆಯ ಸಲ ನಡೆಯಿರಿ, ಬೆಳಕು ಸರಿಯಿರಲಿಲ್ಲ ಎಂದರು. ಎರಡನೆಯ ಸಲ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಪೌಡರು ಬೆವರಿನಲ್ಲಿ ಕರಗಿ ಎದೆಗೆ ಇಳಿಯುತ್ತಿತ್ತು.

ಆಮೇಲೆ ಕೂತು ಮಾತಾಡಿದ. ಒಂದೂ ತಮಾಷೆ ಮಾಡಲಿಲ್ಲ. ಗಿರಣಿಯ ಹೆಸರು ಹೇಳಿದ, ಮಾಲೀಕನ ಹೆಸರು ಹೇಳಿದ, ಸತ್ತ ಮೂವರ ಹೆಸರು ಹೇಳಿದ. “ಅದು ದೆವ್ವ ಅಲ್ಲ, ನಾನು. ಬಣ್ಣ ಬಳಿಯೋನು ಅಂದಿದ್ದು ಸುಳ್ಳು. ಆ ಪುಡಿ ನನ್ನ ಎದೆಯಲ್ಲಿದೆ. ಈಗ ಅದೇ ಯಂತ್ರ ಬೇರೆ ಕಡೆ ಓಡ್ತಿದೆ, ಅಲ್ಲಿ ಹುಡುಗ್ರು ಚೀಲ ಹಿಡೀತಿದಾರೆ. ಅವರನ್ನ ಹೊರಗೆ ಕರೀರಿ.” ಇಷ್ಟು ಹೇಳಲು ನಾಲ್ಕು ಸಲ ನಿಂತ. ಆ ಉಸಿರಿಗೆ ನಿಂತ ಜಾಗಗಳನ್ನೆಲ್ಲ ಕತ್ತರಿಸಿದರೆ ಸರಿಯಾಗಿ ಒಂದು ನಿಮಿಷ ಆಗುತ್ತದೆ ಎಂದು ವರದಿಗಾರ ಲೆಕ್ಕ ಹಾಕಿದ.

ಸಂಜೆ ಏಳಕ್ಕೆ ಬರುತ್ತದೆ ಎಂದರು. ಬೀದಿಯ ಜನ ಮತ್ತೆ ಸೇರಿದರು. ಏಳು ಗಂಟೆಗೆ ತೆರೆಯ ಮೇಲೆ ಒಂದು ಮುಚ್ಚಿದ ಗೇಟು ಕಾಣಿಸಿತು. ಯಾರೋ ನಟ ಹೆಂಡತಿಯನ್ನು ಬಿಡುತ್ತಾನಂತೆ, ಅವನ ಮನೆಯ ಗೇಟು. ಇನ್ನೂ ತೆರೆದಿಲ್ಲ ಎಂದು ಒಬ್ಬಳು ಕೂಗಿ ಹೇಳುತ್ತಿದ್ದಳು. ಏಳೂವರೆಗೂ ಗೇಟು, ಎಂಟಕ್ಕೂ ಗೇಟು. ಗೇಟಿನ ಪಕ್ಕದ ಕಾವಲುಗಾರ ಚಹಾ ಕುಡಿದದ್ದನ್ನು ಮೂರು ಸಲ ತೋರಿಸಿದರು.

ಏಣಿ ದಿಂಬಿಗೆ ಒರಗಿ ನೋಡುತ್ತಿದ್ದ. “ಆ ಗೇಟಿಗೆ ಏನು ಕಾಯಿಲೆಯಂತೆ?” ಎಂದ.

ಯಾರೂ ನಗಲಿಲ್ಲ. ಅವನೇ ನಕ್ಕ, ಕೆಮ್ಮಿದ. ಮಗಳು ಟೀವಿ ಆರಿಸಿದಳು.

ಮರುದಿನವೂ ಬರಲಿಲ್ಲ, ಆ ವಾರವೂ ಬರಲಿಲ್ಲ. ಫೋನು ಮಾಡಿದರೆ ವರದಿಗಾರ, “ಸ್ಲಾಟ್ ಹೋಯ್ತು ಅಮ್ಮಾ, ನೋಡ್ತೀನಿ” ಎಂದ. ನಟ ಮತ್ತೆ ಹೆಂಡತಿಯ ಜೊತೆ ಸೇರಿಕೊಂಡ, ಅದಕ್ಕೂ ಜಾಗ ಸಿಕ್ಕಿತು. ಏಣಿ ಮುಂದಿನ ಮಂಗಳವಾರ ಬೆಳಿಗ್ಗೆ ಹಾಸಿಗೆಯ ಮೇಲೆ ಕೂತೇ ಸತ್ತ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ತಿಂಗಳಿಂದ ಕೂತೇ ನಿದ್ದೆ ಮಾಡುತ್ತಿದ್ದ. ಅವನಿಗೆ ಮೂವತ್ತೆಂಟು ವರ್ಷ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಆ ಪೌಡರು ಇನ್ನೂ ಇತ್ತು. ಅವಳು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ತೆಗೆದಳು.

ಸಾವಿನ ಸುದ್ದಿ ತಿಳಿದು ಚಾನೆಲ್ಲಿನಿಂದ ಫೋನು ಬಂತು. ಈಗ ಜಾಗ ಇದೆಯಂತೆ. ‘ದೆವ್ವದ ಬಗ್ಗೆ ಬಾಯಿಬಿಟ್ಟವನ ನಿಗೂಢ ಸಾವು’ ಎಂದು ಮಾಡುತ್ತಾರಂತೆ, ಅವಳು ಎರಡು ಮಾತು ಆಡಬೇಕಂತೆ.

“ನಿಗೂಢ ಏನೂ ಇಲ್ಲ” ಎಂದಳು ಅವಳು. “ಡಾಕ್ಟರಮ್ಮ ಬರೆದುಕೊಟ್ಟಿದಾರೆ, ಓದಿ ಹೇಳ್ತೀನಿ, ಬರ್ಕೊಳ್ತೀಯಾ?” ಆ ಕಡೆಯವನು ಬರೆದುಕೊಳ್ಳಲಿಲ್ಲ. ಅವರ ಒಂದು ನಿಮಿಷದ ಮಾತನ್ನಾದರೂ ಕೊಡಿ, ಮಂಡಳಿಗೆ ಕೊಡ್ತೀನಿ ಎಂದು ಕೇಳಿದಳು. ಅದು ಪ್ರಸಾರ ಆಗಿಲ್ಲವಲ್ಲ, ಜಾಗ ಖಾಲಿ ಮಾಡಲು ಅಳಿಸಿದ್ದಾರೆ ಎಂದ. ಅವಳು ಫೋನು ಇಟ್ಟು ಮಿಷನ್ನಿನ ಮುಂದೆ ಕೂತಳು. ಒಂದು ಹೋಟೆಲಿನ ಹದಿನೆಂಟು ಪರದೆ ಆ ಸಂಜೆಗೆ ಕೊಡಬೇಕಿತ್ತು.

ಮುಂದಿನ ವಿಚಾರಣೆ ಬರುವ ತಿಂಗಳ ಕೊನೆಯ ಸೋಮವಾರ. ಅರ್ಜಿಯನ್ನು ಈಗ ಅವಳ ಹೆಸರಿನಲ್ಲಿ ಮುಂದುವರಿಸಿದ್ದೇವೆ. ಆವತ್ತು ವಿಡಿಯೋ ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಅದರ ಹಿಂದೆಯೇ ಮೋಟುವಿನದು, ಉಳಿದ ಏಳು ಜನರದು. ಅವರೆಲ್ಲರ ಎಕ್ಸ್‌ರೇ ಈಗ ನಮ್ಮ ಸಂಘದ ಕಚೇರಿಯ ಬೀರುವಿನಲ್ಲಿವೆ. ಬೇರೆ ಊರಿನ ಆ ಗಿರಣಿಗೆ ತಪಾಸಣೆ ಹೋಗುವುದೂ ಈ ತೀರ್ಪಿನ ಮೇಲೆಯೇ.

ಇನ್ನು ನಿಮ್ಮ ವಿಷಯ. ಚಾನೆಲ್ಲು ಕತ್ತರಿಸುವ ಮೊದಲು ಆ ವಿಡಿಯೋ ಪೂರ್ತಿಯಾಗಿಯೇ ಓಡಾಡಿತ್ತು. ನೀವು ನೋಡಿದ್ದೀರಿ. ಮಕ್ಕಳನ್ನು ಹೆದರಿಸಲು ತೋರಿಸಿದ್ದೀರಿ, ಕಚೇರಿಯಲ್ಲಿ ನಕ್ಕಿದ್ದೀರಿ, ಹತ್ತು ಜನಕ್ಕೆ ಕಳಿಸಿದ್ದೀರಿ. ಇದಕ್ಕೆ ನಿಮ್ಮನ್ನು ಬೈಯಲು ನನಗೆ ಪುರುಸೊತ್ತಿಲ್ಲ. ಫೋನು ತೆಗೆಯಿರಿ. ಹಳೆಯ ಗುಂಪುಗಳಲ್ಲಿ, ಅಳಿಸಿದೆ ಅಂದುಕೊಂಡ ಕಡೆಗಳಲ್ಲಿ ಹುಡುಕಿ. ನೀಲಿ ಬಣ್ಣದ ಚಿಕ್ಕ ತುಂಡು ಬೇಡ. ಬಿಸಿಲು ಇರುವುದು, ಗೇಟಿನಿಂದ ಶುರುವಾಗಿ ಶೆಡ್ಡಿನಲ್ಲಿ ಒಬ್ಬ ಉದ್ದನೆಯ ಮನುಷ್ಯ ಮುಖದ ಬಟ್ಟೆ ಕಿತ್ತು ನೀರಿಗೆ ಮುಖ ಒಡ್ಡುವುದು ಇರುವ ಉದ್ದದ್ದು ಬೇಕು. ಸಿಕ್ಕಿದರೆ ಯಾರಿಗೂ ಕಳಿಸಬೇಡಿ, ಫೋನಿನ ಸಮೇತ ನೀವೇ ಬನ್ನಿ. ಲಾರಿ ತೊಳೆಯುವ ಶೆಡ್ಡಿನ ಎದುರಿಗೇ ನಮ್ಮ ಕಚೇರಿ. ಸಿಗದಿದ್ದರೆ ನಿಮಗೆ ಅದನ್ನು ಕಳಿಸಿದವರನ್ನು ಕೇಳಿ, ನೀವು ಕಳಿಸಿದವರನ್ನೂ ಕೇಳಿ. ಸೋಮವಾರ ಹನ್ನೊಂದಕ್ಕೆ ಮಂಡಳಿಯ ಮುಂದೆ ಎದ್ದು ನಿಂತು, ನಾನು ನೋಡಿದ್ದು ಕೆಲಸ ಮುಗಿಸಿ ಬರುತ್ತಿದ್ದ ಮನುಷ್ಯನನ್ನು ಎಂದು ಹೇಳಿ. ಬರುತ್ತೀರಾ, ಇಲ್ಲವಾ?